ಹುಟ್ಟದ ಕೂಸಿಗೆ ಬರೆದ ಕರಾರು

1957ರ ಏಪ್ರಿಲ್ ತಿಂಗಳ ಕೊನೆ. ಐರ್ಲೆಂಡಿನ ವೆಕ್ಸ್‌ಫರ್ಡ್ ಜಿಲ್ಲೆಯಲ್ಲಿ ಫೆತರ್ಡ್-ಆನ್-ಸೀ ಎಂಬ ಕಡಲಂಚಿನ ಹಳ್ಳಿ. ಅಲ್ಲಿಯ ರೈತನ ಹೆಂಡತಿ ಶೀಲಾ ಕ್ಲೋನಿ ಒಂದು ದಿನ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು, ಯಾರಿಗೂ ಹೇಳದೆ ಊರು ಬಿಟ್ಟರು. ಹಿರಿಯವಳಿಗೆ ಆರು ವರ್ಷ, ಕಿರಿಯವಳಿಗೆ ಮೂರು. ಹಿರಿಯ ಮಗಳನ್ನು ಕ್ಯಾಥೊಲಿಕ್ ಶಾಲೆಗೇ ಸೇರಿಸಬೇಕೆಂದು ಊರಿನ ಪಾದ್ರಿಗಳು ಪಟ್ಟು ಹಿಡಿದಿದ್ದರು. ಅದೇ ಜಗಳದ ಮೂಲ.

ಶೀಲಾ ಪ್ರಾಟೆಸ್ಟೆಂಟ್, ಗಂಡ ಷಾನ್ ಕ್ಲೋನಿ ಕ್ಯಾಥೊಲಿಕ್. ಒಬ್ಬನೇ ಏಸುವನ್ನು ನಂಬಿದ ಇಬ್ಬರ ಮದುವೆಯಲ್ಲಿ ಇಂಥ ತಕರಾರೇಕೆ ಎಂದು ದೂರದಿಂದ ನೋಡುವ ನಮಗೆ ಅನ್ನಿಸಬಹುದು. ಆದರೆ ಐರ್ಲೆಂಡಿನಲ್ಲಿ ಈ ಎರಡು ಹೆಸರುಗಳ ಹಿಂದೆ ಕೇವಲ ಪ್ರಾರ್ಥನೆಯ ಭೇದವಿರಲಿಲ್ಲ. ಇಂಗ್ಲೆಂಡಿನ ಆಳ್ವಿಕೆಯಲ್ಲಿ ಭೂಮಿ, ಪದವಿ, ಅಧಿಕಾರಗಳೆಲ್ಲ ಪ್ರಾಟೆಸ್ಟೆಂಟರ ಕೈ ಸೇರಿದ್ದವು. ಬಹುಸಂಖ್ಯಾತ ಕ್ಯಾಥೊಲಿಕರು ತಮ್ಮ ನೆಲದಲ್ಲೇ ಗೇಣಿದಾರರಾಗಿದ್ದರು. ಸ್ವಾತಂತ್ರ್ಯ ಬಂದ ಮೇಲೆ ದಕ್ಷಿಣ ಐರ್ಲೆಂಡಿನಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. 1911ರಲ್ಲಿ ಆ ಭಾಗದಲ್ಲಿ ಸುಮಾರು ಶೇ. 10ರಷ್ಟಿದ್ದ ಪ್ರಾಟೆಸ್ಟೆಂಟರು 1961ರ ಹೊತ್ತಿಗೆ ಶೇ. 5ರ ಆಸುಪಾಸಿಗೆ ಇಳಿದಿದ್ದರು. ವಲಸೆ, ಯುದ್ಧ, ಕಡಿಮೆ ಜನನ ಎಲ್ಲವೂ ಅದಕ್ಕೆ ಕಾರಣ. ಮಿಶ್ರ ವಿವಾಹಗಳ ಮಕ್ಕಳು ಕ್ಯಾಥೊಲಿಕರಾದದ್ದೂ ಒಂದು ಕಾರಣ. ಹೀಗೆ ತಲೆ ಎಣಿಸುವ ಎರಡು ಸಮುದಾಯಗಳ ನಡುವೆ ತೊಟ್ಟಿಲ ಕೂಸೂ ಒಂದು ಲೆಕ್ಕವಾಯಿತು.

ಮೊದಲು ಹೀಗಿರಲಿಲ್ಲ. ಗಂಡುಮಕ್ಕಳು ತಂದೆಯ ಚರ್ಚಿಗೆ, ಹೆಣ್ಣುಮಕ್ಕಳು ತಾಯಿಯ ಚರ್ಚಿಗೆ ಎಂಬ ರಾಜಿ ಐರ್ಲೆಂಡಿನ ಎಷ್ಟೋ ಮನೆಗಳಲ್ಲಿ ರೂಢಿಯಲ್ಲಿತ್ತು. ಅಣ್ಣ ತಂಗಿ ಭಾನುವಾರ ಬೇರೆ ಬೇರೆ ಬಾಗಿಲು ಹೊಕ್ಕು ಬಂದು ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು. ಅದೂ ನ್ಯಾಯವಾದ ಹಂಚಿಕೆಯೇ ಎಂದು ಕೇಳಬಹುದು. ಆದರೆ ಆ ಹಂಚಿಕೆ ಮನೆಯವರದಾಗಿತ್ತು. 1908ರಲ್ಲಿ ಜಾರಿಗೆ ಬಂದ ‘ನೆ ಟೆಮೆರೆ’ ಎಂಬ ಪೋಪ್ ಆಜ್ಞೆ ಇದನ್ನು ಬದಲಿಸಿತು. ಕ್ಯಾಥೊಲಿಕ್ ಪಾದ್ರಿಯ ಮುಂದೆ ನಡೆಯದ ಮಿಶ್ರ ವಿವಾಹ ಇನ್ನು ಮುಂದೆ ಚರ್ಚಿನ ದೃಷ್ಟಿಯಲ್ಲಿ ಮದುವೆಯೇ ಅಲ್ಲ. ಚರ್ಚಿನ ಒಪ್ಪಿಗೆ ಬೇಕಾದರೆ, ಹುಟ್ಟುವ ಮಕ್ಕಳೆಲ್ಲರನ್ನೂ ಕ್ಯಾಥೊಲಿಕರಾಗಿ ಬೆಳೆಸುತ್ತೇವೆಂದು ಇಬ್ಬರೂ ಮಾತು ಕೊಡಬೇಕು. ಕೂಸು ಹುಟ್ಟುವ ಮೊದಲೇ ಅದರ ಹೆಸರಿನಲ್ಲಿ ಕರಾರು.

ಎರಡೇ ವರ್ಷಗಳಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಇದರ ಬಿಸಿ ಮುಟ್ಟಿತು. ಆಗ್ನೆಸ್ ಮೆಕ್ಯಾನ್ ಎಂಬ ಪ್ರೆಸ್ಬಿಟೇರಿಯನ್ ಪಂಗಡದ ಹೆಂಗಸಿನ ಗಂಡ ಕ್ಯಾಥೊಲಿಕ್. ನಿಮ್ಮ ಮದುವೆ ಸಿಂಧುವಲ್ಲ, ಇನ್ನೊಮ್ಮೆ ಆಗಬೇಕು ಎಂಬ ಮಾತು ಬಂದಾಗ ಆಕೆ ಒಪ್ಪಲಿಲ್ಲ. 1910ರಲ್ಲಿ ಗಂಡ ಎರಡು ಮಕ್ಕಳನ್ನು ಎತ್ತಿಕೊಂಡು ಹೋದ. ಆ ತಾಯಿಯ ಕಣ್ಣೀರು ಬಲುಬೇಗ ಚುನಾವಣಾ ಭಾಷಣವಾಯಿತು. ಐರ್ಲೆಂಡಿಗೆ ಸ್ವರಾಜ್ಯ ಸಿಕ್ಕರೆ ಎಲ್ಲ ಪ್ರಾಟೆಸ್ಟೆಂಟ್ ಮನೆಗಳ ಗತಿಯೂ ಇದೇ ಎಂದು ಸ್ವರಾಜ್ಯದ ವಿರೋಧಿಗಳು ಸಾರಿದರು.

1950ರಲ್ಲಿ ಡಬ್ಲಿನ್ನಿನ ನ್ಯಾಯಾಲಯಕ್ಕೆ ಬಂದ ಟಿಲ್ಸನ್ ಪ್ರಕರಣ ಇದಕ್ಕೆ ತಲೆಕೆಳಗು. ಇಲ್ಲಿ ತಂದೆ ಪ್ರಾಟೆಸ್ಟೆಂಟ್. ಮದುವೆಯ ಹೊತ್ತಿನಲ್ಲಿ ಕೊಟ್ಟ ಮಾತನ್ನು ಮುರಿದು ಮೂವರು ಗಂಡುಮಕ್ಕಳನ್ನು ತನ್ನ ಪಂಗಡದ ಮಕ್ಕಳ ಆಶ್ರಮಕ್ಕೆ ಸೇರಿಸಿದ್ದ. ಹಳೆಯ ಕಾನೂನಿನ ಪ್ರಕಾರ ಮಗುವಿನ ಧರ್ಮ ನಿರ್ಧರಿಸುವ ಹಕ್ಕು ತಂದೆಯದು. ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಸಂವಿಧಾನದ ಪ್ರಕಾರ ಈ ಹಕ್ಕು ತಾಯಿ ತಂದೆ ಇಬ್ಬರಿಗೂ ಸೇರಿದ್ದು, ಇಬ್ಬರೂ ಕೂಡಿ ಮಾಡಿದ ಒಪ್ಪಂದವನ್ನು ಒಬ್ಬರೇ ಮುರಿಯುವಂತಿಲ್ಲ ಎಂದಿತು. ಮಕ್ಕಳು ತಾಯಿಗೆ ಸೇರಿದರು. ತಾಯಿಗೆ ಸಮಪಾಲು ಕೊಟ್ಟ ಒಳ್ಳೆಯ ತತ್ವವಿದು. ಆದರೆ ಅದರ ಬಲವೆಲ್ಲ ಹೋಗಿ ಸೇರಿದ್ದು ಚರ್ಚು ಬರೆಸಿಕೊಂಡ ಕರಾರಿಗೆ.

ಶೀಲಾ ಕ್ಲೋನಿ ಸಹಿ ಹಾಕಿದ್ದೂ ಅದೇ ಕರಾರಿಗೆ. ಅವರು ಮಕ್ಕಳೊಂದಿಗೆ ಬೆಲ್‌ಫಾಸ್ಟ್ ಸೇರಿ, ಅಲ್ಲಿಂದ ಸ್ಕಾಟ್ಲೆಂಡಿನ ಆರ್ಕ್‌ನಿ ದ್ವೀಪಗಳಿಗೆ ಹೋದರು. ಇತ್ತ ಊರಿನಲ್ಲಿ, ಪ್ರಾಟೆಸ್ಟೆಂಟರೇ ಅವರಿಗೆ ನೆರವಾದರೆಂಬ ಆರೋಪ ಹುಟ್ಟಿತು. ಮಕ್ಕಳು ಮರಳಿ ಬರುವವರೆಗೆ ಅವರೊಂದಿಗೆ ವ್ಯವಹಾರ ಬೇಡ ಎಂದು ಮೇ ತಿಂಗಳಲ್ಲಿ ಬಹಿಷ್ಕಾರ ಶುರುವಾಯಿತು. ‘ಬಾಯ್ಕಾಟ್’ ಎಂಬ ಮಾತು ಹುಟ್ಟಿದ್ದೇ ಐರ್ಲೆಂಡಿನಲ್ಲಿ, 1880ರಲ್ಲಿ, ಆ ಹೆಸರಿನ ಜಮೀನ್ದಾರಿ ಏಜೆಂಟನೊಬ್ಬನ ವಿರುದ್ಧ. ಬಡ ಗೇಣಿದಾರರು ಹೂಡಿದ ಆ ಅಸ್ತ್ರ ಈಗ ನೆರೆಹೊರೆಯವರ ಮೇಲೆ ತಿರುಗಿತು. ಪ್ರಾಟೆಸ್ಟೆಂಟರ ಅಂಗಡಿಗಳಿಗೆ ಗಿರಾಕಿಗಳಿಲ್ಲ. ರೈತನೊಬ್ಬನ ಹಾಲಿನ ವರ್ತನೆ ನಿಂತಿತು. ಪಿಯಾನೊ ಕಲಿಸುತ್ತಿದ್ದ ಶಿಕ್ಷಕಿಯ ಶಿಷ್ಯರು ಬಿಟ್ಟುಹೋದರು. ನಿನ್ನೆವರೆಗೆ ಸಾಲದ ಪುಸ್ತಕದಲ್ಲಿ ಬರೆಸಿ ಸಕ್ಕರೆ ಒಯ್ದವರು ಇಂದು ಮುಖ ತಿರುಗಿಸಿ ನಡೆದರೆ ಹೇಗಿರುತ್ತದೆಂದು ನಮ್ಮ ಕಡೆಯ ಓದುಗರಿಗೆ ವಿವರಿಸಬೇಕಾಗಿಲ್ಲ.

ಗಾಲ್ವೆಯ ಬಿಷಪ್ ಮೈಕಲ್ ಬ್ರೌನ್ ಬಹಿಷ್ಕಾರವನ್ನು ಬಹಿರಂಗವಾಗಿ ಸಮರ್ಥಿಸಿದರು. ಆದರೆ ಪ್ರಧಾನಿ ಏಮನ್ ಡಿ ವಲೇರಾ, ತಾವೂ ಶ್ರದ್ಧಾವಂತ ಕ್ಯಾಥೊಲಿಕರಾಗಿದ್ದೂ, ಜುಲೈ 4ರಂದು ಸಂಸತ್ತಿನಲ್ಲಿ ಇದು ಅನ್ಯಾಯ, ಕ್ರೂರ ಎಂದು ಖಂಡಿಸಿದರು. ಸ್ವತಃ ಷಾನ್ ಕ್ಲೋನಿಯೂ ಬಹಿಷ್ಕಾರವನ್ನು ವಿರೋಧಿಸಿದರು. ಯಾರಿಗೆ ಅನ್ಯಾಯವಾಗಿದೆ ಎಂದು ಊರು ಎದ್ದಿತ್ತೋ ಆ ಮನುಷ್ಯನಿಗೇ ಅದು ಬೇಡವಾಗಿತ್ತು. ಕೊನೆಗೆ ಶರತ್ಕಾಲದಲ್ಲಿ, ಊರಿನ ಹಿರಿಯ ಪಾದ್ರಿ ಪ್ರಾಟೆಸ್ಟೆಂಟರ ಅಂಗಡಿಗೆ ಹೋಗಿ ಸಿಗರೇಟು ಕೊಂಡರು. ಬಹಿಷ್ಕಾರ ಸಡಿಲವಾಗತೊಡಗಿತು.

ಷಾನ್ ಹೆಂಡತಿ ಮಕ್ಕಳನ್ನು ಹುಡುಕಿಕೊಂಡು ಹೋದರು. ಚಳಿಗಾಲದಲ್ಲಿ ಕುಟುಂಬ ಮತ್ತೆ ಅದೇ ಊರಿಗೆ, ಅದೇ ಮನೆಗೆ ಬಂತು. ಮಕ್ಕಳು ಕ್ಯಾಥೊಲಿಕ್ ಶಾಲೆಗೂ ಹೋಗಲಿಲ್ಲ, ಪ್ರಾಟೆಸ್ಟೆಂಟ್ ಶಾಲೆಗೂ ಹೋಗಲಿಲ್ಲ. ತಾಯಿ ತಂದೆ ಮನೆಯಲ್ಲೇ ಅಕ್ಷರ ಕಲಿಸಿದರು.

1970ರಲ್ಲಿ ಆರನೇ ಪೌಲ್ ಪೋಪರು ನಿಯಮ ಸಡಿಲಿಸಿದರು. ಮಾತು ಕೊಡಬೇಕಾದದ್ದು ಕ್ಯಾಥೊಲಿಕ್ ಸಂಗಾತಿ ಮಾತ್ರ, ಅದೂ ತನ್ನಿಂದಾದಷ್ಟು ಮಾಡುತ್ತೇನೆಂದು. ಇನ್ನೊಬ್ಬರಿಗೆ ಆ ವಿಷಯ ತಿಳಿಸಿದರೆ ಸಾಕು. 1998ರಲ್ಲಿ ಆ ಪ್ರಾಂತದ ಬಿಷಪ್ ಬ್ರೆಂಡನ್ ಕಾಮಿಸ್ಕಿ ಬಹಿಷ್ಕಾರಕ್ಕಾಗಿ ಕ್ಷಮೆ ಕೇಳಿದರು. ನಡುವೆ 41 ವರ್ಷ ಕಳೆದಿತ್ತು.

ಮಗುವಿಗೆ ತಮ್ಮ ನಂಬಿಕೆಯನ್ನು ದಾಟಿಸಬೇಕೆಂಬ ಹಂಬಲ ತಾಯಿ ತಂದೆಯರಿಗೆ ಸಹಜ. ಇಬ್ಬರ ನಂಬಿಕೆ ಬೇರೆಯಾದಾಗ ಅದು ಸುಲಭದ ಮಾತಲ್ಲ. ಜಗಳವಾಗಬಹುದು, ರಾಜಿಯಾಗಬಹುದು, ರಾಜಿ ಮುರಿದು ಮತ್ತೆ ಕೂಡಿಕೊಳ್ಳಬಹುದು. ಕ್ಲೋನಿ ದಂಪತಿಗಳಿಗೆ ದಾರಿ ಸಿಕ್ಕಲು ಬೇಕಾದದ್ದು ಕೆಲವೇ ತಿಂಗಳು. ಅವರ ಮಕ್ಕಳ ಹೆಸರಿನಲ್ಲಿ ಬೀದಿಗಿಳಿದವರಿಗೆ ಬೇಕಾದದ್ದು ನಾಲ್ಕು ದಶಕ.