ಏರಿ ಬಂದ ಕಾವೇರಿ, ಇಳಿದು ಹೋಗುವ ವೃಷಭಾವತಿ

ಬೆಂಗಳೂರು ಕೂತಿರುವುದು ದಿಣ್ಣೆಯ ಮೇಲೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಈ ದಿಣ್ಣೆಯ ನೆತ್ತಿಗೆ ಬಿದ್ದ ಮಳೆ ಪೂರ್ವಕ್ಕೆ ಜಾರಿದರೆ ದಕ್ಷಿಣ ಪಿನಾಕಿನಿಯ ಪಾಲು. ಪಶ್ಚಿಮಕ್ಕೆ ಜಾರಿದ್ದು ವೃಷಭಾವತಿಗೆ ಬಿದ್ದು, ಅರ್ಕಾವತಿಯ ಜೊತೆಗೂಡಿ ಕಾವೇರಿಗೆ ಸೇರುತ್ತದೆ.

ಇಷ್ಟು ಸಣ್ಣ ಹೊಳೆಗೆ ತವರುಮನೆ ಎರಡು. ಬಸವನಗುಡಿಯವರ ಪ್ರಕಾರ ಅದು ಹುಟ್ಟಿದ್ದು ದೊಡ್ಡ ಬಸವಣ್ಣನ ಪಾದದಡಿ. ಮಲ್ಲೇಶ್ವರದವರು ಕಾಡುಮಲ್ಲೇಶ್ವರನ ಎದುರಿನ ನಂದಿತೀರ್ಥವನ್ನು ತೋರಿಸುತ್ತಾರೆ. ಬಹುಕಾಲ ಮಣ್ಣಿನಡಿ ಹೂತುಹೋಗಿ 1997ರಲ್ಲಿ ಹೊರಬಂದ ಆ ಗುಡಿಯಲ್ಲಿ ನಂದಿಯ ಬಾಯಿಂದ ಸುರಿಯುವ ನೀರು ಕೆಳಗಿನ ಲಿಂಗವನ್ನು ತೋಯಿಸಿ ಕಲ್ಯಾಣಿಗೆ ಇಳಿಯುತ್ತದೆ. ಜಗಳಕ್ಕೇನೂ ಕಾರಣವಿಲ್ಲ; ಎರಡೂ ಕಡೆಯ ನೀರು ಹರಿಯುವುದು ಒಂದೇ ಕಣಿವೆಗೆ.

ಮಳೆಗಾಲ ಮುಗಿದೊಡನೆ ಸೊರಗುವ ಹೊಳೆಯನ್ನು ನಂಬಿ ಊರು ಕಟ್ಟಲಾಗದು. ಅದಕ್ಕೇ ಕೆಂಪೇಗೌಡರ ಮನೆತನದ ಕಾಲದಲ್ಲಿ ಹಳ್ಳಗಳಿಗೆ ಅಡ್ಡಲಾಗಿ ಏರಿಗಳೆದ್ದವು. ಕೆಂಪಾಂಬುಧಿ, ಧರ್ಮಾಂಬುಧಿ ಈ ಕಣಿವೆಯವೇ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು. ತೂಬು ಎತ್ತಿ ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ನೀರಗಂಟಿಯ ಕೆಲಸ. ಯಾರ ಗದ್ದೆಗೆ ಎಷ್ಟು ಹೊತ್ತು ಎಂಬುದು ಅವನಿಗೆ ಬಾಯಿಪಾಠ.

1896ರಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಬಂತು. ನಲ್ಲಿ ಬಂದ ಮೇಲೆ ಕೆರೆಯ ಹಂಗು ಯಾರಿಗೆ? ಧರ್ಮಾಂಬುಧಿ ಬತ್ತಿ ಮೈದಾನವಾಯಿತು, ಆಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣ. ಆದರೆ ಇಳಿಜಾರು ಎಲ್ಲಿಗೂ ಹೋಗಿಲ್ಲ. ಮೈಸೂರು ರಸ್ತೆಯಲ್ಲಿ, ಹೊಳೆಯ ದಡದಲ್ಲೇ ಇರುವ ಗಾಳಿ ಆಂಜನೇಯನ ಗುಡಿಯೊಳಕ್ಕೆ ಜೋರು ಮಳೆಯಲ್ಲಿ ನೀರು ನುಗ್ಗುತ್ತದೆ. ಹೊಳೆ ದಾರಿ ತಪ್ಪಿದೆ ಎಂದು ಆಗ ದೂರುವವರಿದ್ದಾರೆ. ಹಳೆಯ ದಾರಿಯನ್ನು ಒತ್ತುತ್ತಾ ಬಂದದ್ದು ಊರು.

ನಿಜವಾದ ತಿರುವು 1974ರದ್ದು. ಆ ವರ್ಷ ಮೊದಲ ಹಂತದ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಊರಿಗೆ ತಲುಪಿತು. ನೂರು ಕಿಲೋಮೀಟರಿನಷ್ಟು ದೂರ, ಸುಮಾರು 500 ಮೀಟರ್ ಎತ್ತರ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪು ಮಾಡಿ ಏರಿಸಬೇಕು. ಹಾಗೆ ಏರಿಬಂದ ನೀರು ಸ್ನಾನದ ಮನೆ, ಪಾಯಿಖಾನೆ, ಕಾರ್ಖಾನೆ ದಾಟಿ ಮತ್ತೆ ಇಳಿಯುವುದು ಇದೇ ಕಣಿವೆಗೆ. ಬೇಸಿಗೆಯಲ್ಲಿ ಸೊರಗುತ್ತಿದ್ದ ವೃಷಭಾವತಿ ಈಗ ವರ್ಷವಿಡೀ ತುಂಬಿ ಹರಿಯುತ್ತದೆ, ಕೊಳಚೆಯಾಗಿ. ಬಿಡದಿ ಬಳಿಯ ಬೈರಮಂಗಲ ಕೆರೆಯನ್ನು 1940ರ ದಶಕದಲ್ಲಿ ಕಟ್ಟಿದ್ದು ಬೇಸಾಯಕ್ಕೆಂದು. ಇಂದು ಅಲ್ಲಿನ ರೈತರಿಗೆ ನೀರಿಗೆ ಬರವಿಲ್ಲ, ಕಾಲುವೆಯಲ್ಲಿ ನೊರೆ ಏಳುತ್ತದೆ ಅಷ್ಟೆ. ಆ ನೀರಿನಲ್ಲೇ ಮೇವಿನ ಹುಲ್ಲು ಬೆಳೆಯುತ್ತದೆ, ಆ ಮೇವಿನ ಹಾಲು ಊರೂರಿಗೆ ಹೋಗುತ್ತದೆ.

ಬೈರಮಂಗಲ ದಾಟಿದ ನೀರು ಅರ್ಕಾವತಿಗೆ ಬಿದ್ದು, ಮೇಕೆದಾಟಿನ ಬಳಿಯ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಬೆಂಗಳೂರು ಕುಡಿಯುವ ನೀರನ್ನು ಎತ್ತಿಕೊಳ್ಳುವುದು ಆ ಸಂಗಮಕ್ಕಿಂತ ಮೇಲೆ. ಕೊಳೆ ಸೇರುವುದು ಕೆಳಗೆ. ಶುದ್ಧೀಕರಣ ಇಷ್ಟು ನಿಧಾನವಾದದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ.