ಪಡುಕೋಣೆಯ ಕರಾರು

ಐರ್ಲೆಂಡಿನ ಹಳ್ಳಿಮನೆಗಳಲ್ಲಿ ಮುದುಕರ ಆರೈಕೆ ಬರೀ ಮಮತೆಯಿಂದ ನಡೆಯುತ್ತಿತ್ತು ಎನ್ನುವುದು ಅರ್ಧ ಸತ್ಯ. 1930ರ ದಶಕದಲ್ಲಿ ಕ್ಲೇರ್ ಸೀಮೆಯನ್ನು ಅಧ್ಯಯನ ಮಾಡಿದ ಅಮೆರಿಕದ ಮಾನವಶಾಸ್ತ್ರಜ್ಞರಾದ ಆರೆನ್ಸ್‌ಬರ್ಗ್ ಮತ್ತು ಕಿಂಬಲ್ ಅಲ್ಲಿ ಒಂದು ವ್ಯವಹಾರವನ್ನೂ ಕಂಡರು. ಮಗನ ಮದುವೆಯ ಹೊತ್ತಿಗೆ ಅಪ್ಪ ಜಮೀನು ಬರೆದುಕೊಟ್ಟು, ಹೆಂಡತಿಯೊಂದಿಗೆ ಪಡುವಣ ಕೋಣೆಗೆ ಸರಿಯುತ್ತಿದ್ದ. ಒಲೆ ಮುಂದೆ ಕೂರುವ ಜಾಗ, ಒಂದು ಹಸುವಿಗಾಗುವಷ್ಟು ಹುಲ್ಲು, ಇಂಥವೆಲ್ಲ ವಕೀಲರ ಕರಾರಿನಲ್ಲೇ ದಾಖಲಾಗುತ್ತಿದ್ದವು. ಹೆತ್ತವರಿಗೂ ಕರಾರೇ, ಇದೆಂಥ ಪ್ರೀತಿ ಎಂದು ಕೇಳಬಹುದು. ಆದರೆ ಆಸ್ತಿ ಕೈಬಿಟ್ಟವನ ಮರ್ಯಾದೆಗೆ ಆಸರೆಯಾದದ್ದು ಆ ಕಾಗದವೇ.

ಆ ಕರಾರಿನ ನಿಜವಾದ ಕೊರತೆ ಬೇರೆ. ಹಾಸಿಗೆ ಒಗೆದು, ಗಂಜಿ ಕುಡಿಸುವವಳ ಕೂಲಿಯ ಮಾತು ಅಲ್ಲಿರಲಿಲ್ಲ. ಅವಳು ಸಾಮಾನ್ಯವಾಗಿ ಸೊಸೆ, ಇಲ್ಲವೇ ಮದುವೆಯಾಗದೆ ಉಳಿದ ಮಗಳು. 1937ರ ಸಂವಿಧಾನ ಮನೆಯೊಳಗಿನ ಹೆಣ್ಣಿನ ಬದುಕನ್ನು ಹೊಗಳಿತು, ಹೊಗಳಿಕೆಗೆ ಖರ್ಚಿಲ್ಲವಲ್ಲ! ಆರೈಕೆದಾರರ ಭತ್ಯೆ ಬಂದದ್ದು 1990ರಲ್ಲಿ, ಅದೂ ಆದಾಯವನ್ನು ಅಳೆದು ನೋಡಿ. ಹಾಗಾದರೆ 2024ರ ಮಾರ್ಚ್‌ನಲ್ಲಿ ಸಂವಿಧಾನದ ಆ ಹೊಗಳಿಕೆಯ ಬದಲಿಗೆ ತರಲು ಹೊರಟ ಆರೈಕೆಯ ತಿದ್ದುಪಡಿಯನ್ನು ಮತ ಹಾಕಿದವರಲ್ಲಿ ಸುಮಾರು 74% ಜನ ತಿರಸ್ಕರಿಸಿದ್ದೇಕೆ? ಹಳೆಯ ಸಂಪ್ರದಾಯದ ಮೋಹ ಎಂದಷ್ಟೇ ಹೇಳಿದರೆ ಸಾಲದು. ಕುಟುಂಬದ ಆರೈಕೆಗೆ ಬೆಂಬಲ ನೀಡಲು ಸರ್ಕಾರ 'ಶ್ರಮಿಸುತ್ತದೆ' ಎಂದಷ್ಟೇ ಆ ಕರಡು ಹೇಳಿತ್ತು. ಪಡುಕೋಣೆಯ ಕರಾರಿನಲ್ಲಾದರೂ ಹಸುವಿನ ಲೆಕ್ಕವಿತ್ತು.