ಬೆಂಗಾಲ್ ಬೆಕ್ಕು: ತಳಿಯ ಕಥೆ, ಸಾಕುವ ಬಗೆ

ಬೆಂಗಾಲ್ ಬೆಕ್ಕಿನ ಮೈಮೇಲಿನ ಚುಕ್ಕೆ ಕಂಡವರಿಗೆ ಚಿರತೆ ನೆನಪಾಗುವುದು ಸಹಜ. ಆದರೆ ಇದರ ನಂಟು ಚಿರತೆಯೊಂದಿಗಲ್ಲ, ಚಿರತೆ ಬೆಕ್ಕು ಎಂಬ ಪುಟ್ಟ ಕಾಡುಪ್ರಾಣಿಯೊಂದಿಗೆ. ಸಾಕುಬೆಕ್ಕಿನಷ್ಟೇ ಗಾತ್ರದ ಈ ಪ್ರಾಣಿ ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲೂ ಇದೆ.

ತಳಿ ಹುಟ್ಟಿದ ಬಗೆ

ಅಮೆರಿಕದ ಜೀನ್ ಮಿಲ್ 1960ರ ದಶಕದಲ್ಲಿ ಹೆಣ್ಣು ಚಿರತೆ ಬೆಕ್ಕಿಗೆ ಕಪ್ಪು ಸಾಕುಬೆಕ್ಕಿನಿಂದ ಮರಿ ಪಡೆದರು. ಆಮೇಲೆ ಕೆಲಸ ಬಹಳ ವರ್ಷ ನಿಂತುಹೋಯಿತು. ಕ್ಯಾಲಿಫೋರ್ನಿಯಾದಲ್ಲಿ ಬೆಕ್ಕುಗಳ ರಕ್ತ ಕ್ಯಾನ್ಸರ್ ಕುರಿತ ಸಂಶೋಧನೆಗಾಗಿ ವಿಲ್ಲರ್ಡ್ ಸೆಂಟರ್‌ವಾಲ್ ಬೆಳೆಸಿದ್ದ ಮಿಶ್ರ ಮರಿಗಳು 1980ರ ಸುಮಾರಿಗೆ ಮಿಲ್ ಅವರ ಕೈಸೇರಿದಾಗ ಅದು ಮತ್ತೆ ಶುರುವಾಯಿತು. ಈ ಕಥೆಯಲ್ಲಿ ಭಾರತದ ಪಾಲೂ ಇದೆ. ದೆಹಲಿ ಮೃಗಾಲಯದ ಘೇಂಡಾಮೃಗದ ಆವರಣದಲ್ಲಿ ಓಡಾಡಿಕೊಂಡಿದ್ದ, ಹೊಂಬಣ್ಣದ ಚುಕ್ಕೆ ಬೆಕ್ಕೊಂದನ್ನು ಅವರು ತರಿಸಿಕೊಂಡರು. ಬಿಸಿಲಿಗೆ ಚಿನ್ನದ ಪುಡಿ ಉದುರಿಸಿದಂತೆ ಮಿನುಗುವ ಕೂದಲು ತಳಿಗೆ ಬಂದದ್ದು ಈ ಬೀದಿಬೆಕ್ಕಿನಿಂದ ಎನ್ನುತ್ತಾರೆ ಬ್ರೀಡರ್‌ಗಳು. 1986ರಲ್ಲಿ ಇಂಟರ್‌ನ್ಯಾಷನಲ್ ಕ್ಯಾಟ್ ಅಸೋಸಿಯೇಷನ್ ಇದನ್ನು ಹೊಸ ತಳಿಯಾಗಿ ದಾಖಲಿಸಿಕೊಂಡಿತು.

ಕಾಡಿನ ಮೂಲದಿಂದ ಮೊದಲ ಮೂರು ತಲೆಮಾರಿನ ಮರಿಗಳಲ್ಲಿ ಅಂಜಿಕೆ ಹೆಚ್ಚು, ಗಂಡುಗಳು ಸಾಮಾನ್ಯವಾಗಿ ಸಂತಾನಹೀನ. ನಾಲ್ಕನೇ ತಲೆಮಾರಿನಿಂದಾಚೆಗಿನವನ್ನೇ ಮನೆಬೆಕ್ಕು ಎಂದು ಎಣಿಸುವುದು. ಮನೆಗೆ ತರುವುದಾದರೆ ಅಂಥದ್ದನ್ನೇ ತರಬೇಕು.

ರೂಪ, ಗುಣ

ತೂಕ 4ರಿಂದ 7 ಕಿಲೋ. ಉದ್ದನೆಯ ಗಟ್ಟಿ ಮೈ. ಹತ್ತಿರದಿಂದ ನೋಡಿದರೆ ಹಲವು ಬೆಕ್ಕುಗಳ ಚುಕ್ಕೆಗಳಲ್ಲಿ ಎರಡು ಬಣ್ಣ: ಅಂಚು ಕಪ್ಪು, ಒಳಗೆ ಕಂದು. ಮರಿಗೆ ಒಂದು ತಿಂಗಳಾಗುವಾಗ ಕೂದಲು ಕೆದರಿ ಚುಕ್ಕೆಗಳು ಮಸುಕಾಗುತ್ತವೆ. ಮೂರು, ನಾಲ್ಕು ತಿಂಗಳಿಗೆ ಮತ್ತೆ ಎದ್ದು ಕಾಣುತ್ತವೆ.

ಇದಕ್ಕೆ ನೀರೆಂದರೆ ಇಷ್ಟ. ಬಟ್ಟಲಲ್ಲಿ ಕಾಲಾಡಿಸಿ ನೆಲವೆಲ್ಲ ಒದ್ದೆ ಮಾಡುತ್ತದೆ, ನಲ್ಲಿ ಬಿಟ್ಟರೆ ಓಡಿಬರುತ್ತದೆ. ಸುಮ್ಮನೆ ಕೂರುವ ಜೀವವಲ್ಲ. ಹತ್ತಲು ಎತ್ತರದ ಕಂಬ, ಉಗುರು ಕೆರೆಯಲು ಸೆಣಬಿನ ಹಗ್ಗ, ದಿನಕ್ಕೆರಡು ಸಲ ಜೊತೆಗೆ ಆಡುವ ಮನುಷ್ಯರು ಬೇಕು. ಇವಿಲ್ಲದಿದ್ದರೆ ಪರದೆ ಹರಿಯುತ್ತದೆ, ರಾತ್ರಿಯಿಡೀ ಕೂಗುತ್ತದೆ. ಎಲ್ಲರೂ ಬೆಳಗಿನಿಂದ ಸಂಜೆವರೆಗೆ ಹೊರಗಿರುವ ಮನೆಗೆ ಈ ತಳಿ ಹೊಂದುವುದಿಲ್ಲ. ಅಪಾರ್ಟ್‌ಮೆಂಟ್ ಆದರೆ ಬಾಲ್ಕನಿಗೆ ಬಲೆ ಹಾಕಿಸಿದ ಮೇಲೆಯೇ ಬೆಕ್ಕು ತನ್ನಿ.

ಊಟ, ಆರೋಗ್ಯ

ಹಾಲನ್ನ, ಮೊಸರನ್ನದಲ್ಲಿ ಬೆಕ್ಕು ಬೆಳೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಬೆಕ್ಕು ಮಾಂಸಾಹಾರಿ. ಮಾಂಸದಲ್ಲಿರುವ ಟಾರಿನ್ ಎಂಬ ಅಂಶ ಸಿಗದಿದ್ದರೆ ಅದರ ಕಣ್ಣೂ ಹೃದಯವೂ ಕೆಡುತ್ತವೆ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ.

ಈ ತಳಿಯಲ್ಲಿ ವಂಶದಿಂದ ಬರುವ ಕಾಯಿಲೆಗಳಿವೆ: ಹೃದಯದ ಗೋಡೆ ದಪ್ಪವಾಗುವುದು, ದೃಷ್ಟಿ ಕುಂದುತ್ತ ಹೋಗುವುದು, ಕೆಂಪು ರಕ್ತಕಣ ಒಡೆದು ರಕ್ತಹೀನತೆಯಾಗುವುದು. ಕೊನೆಯ ಎರಡಕ್ಕೆ ಜೀನ್ ಪರೀಕ್ಷೆ ಇದೆ. ಮರಿಯ ತಂದೆತಾಯಿಗೆ ಪರೀಕ್ಷೆ ಮಾಡಿಸಿದ ವರದಿ ತೋರಿಸದ ಬ್ರೀಡರ್ ಬಳಿ ಕೊಳ್ಳಬೇಡಿ. ರೇಬಿಸ್ ಸೇರಿದಂತೆ ಲಸಿಕೆಗಳನ್ನು ಪಶುವೈದ್ಯರು ಹೇಳಿದ ಹೊತ್ತಿಗೆ ಹಾಕಿಸಿ. ಜ್ವರವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬೇಡಿ; ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ತೋಟದಲ್ಲಿ ಸಿಕ್ಕ ಮರಿ

ಕಾಫಿ ತೋಟದಲ್ಲೋ ಕಾಡಂಚಿನಲ್ಲೋ ಚುಕ್ಕೆಯ ಮರಿ ಕಂಡರೆ ಬೆಂಗಾಲ್ ಬೆಕ್ಕೆಂದು ಎತ್ತಿಕೊಳ್ಳಬೇಡಿ. ಚಿರತೆ ಬೆಕ್ಕು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ; ಹಿಡಿಯುವುದೂ ಸಾಕುವುದೂ ಅಪರಾಧ. ತಾಯಿ ಬೇಟೆಗೆ ಹೋಗಿರಬಹುದು, ಮುಟ್ಟದೆ ದೂರ ಸರಿಯಿರಿ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.